ಸ್ಟಾಪ್-ಸ್ಟಾರ್ಟ್ ಕಾರಿಗೆ ಯಾವ ಬ್ಯಾಟರಿ? ಬೆಳಗಾವಿಯ ಥಂಡಿ, ವಿಜಯಪುರದ ಬಿಸಿಲು ಎರಡನ್ನೂ ನೋಡಿ ಆರಿಸುವ ಬಗೆ

ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ನಮ್ಮ ಭಾಗದ ಬ್ಯಾಟರಿ ಅಂಗಡಿಗಳಿಗೆ ಬರುವ ದೂರು ಹೆಚ್ಚುಕಡಿಮೆ ಒಂದೇ: "ಗಾಡಿ ಥಂಡ್ಯಾಗ ಸೆಲ್ಫ್ ತಗೊಳ್ಳವಲ್ದು." ಥಂಡಿಯೇ ಬ್ಯಾಟರಿಯನ್ನು ಕೆಡಿಸಿತೆಂದು ತಿಳಿದ ಗ್ರಾಹಕರು, ಇರುವುದರಲ್ಲಿ ಹೆಚ್ಚು ಜೋರಿನ ಬ್ಯಾಟರಿ ಕೊಡಿ ಎಂದು ಕೇಳುತ್ತಾರೆ, ಅಂಗಡಿಯವರು ಆ ಹೊತ್ತಿಗೆ ತಮ್ಮಲ್ಲಿ ಇರುವುದನ್ನು ಕೂರಿಸಿ ಕಳಿಸುತ್ತಾರೆ. ಸಿಗ್ನಲ್‌ನಲ್ಲಿ ತಾನಾಗಿ ಎಂಜಿನ್ ಆರಿ, ಕ್ಲಚ್ ಒತ್ತಿದೊಡನೆ ಮತ್ತೆ ಶುರುವಾಗುವ ಸ್ಟಾಪ್-ಸ್ಟಾರ್ಟ್ ವ್ಯವಸ್ಥೆಯ ಕಾರುಗಳಲ್ಲಿ ಇಂಥ ಅವಸರದ ಆಯ್ಕೆ ದುಬಾರಿಯಾಗುತ್ತದೆ. ಬ್ಯಾಟರಿಯನ್ನು ಆರಿಸುವಾಗ ಡಿಸೆಂಬರಿನ ಮುಂಜಾವಿಗಿಂತ ಮೇ ತಿಂಗಳ ಮಧ್ಯಾಹ್ನವನ್ನು ಹೆಚ್ಚಾಗಿ ಗಮನಿಸಬೇಕು ಎಂಬುದೇ ಈ ಬರಹದಲ್ಲಿ ನಾನು ಹೇಳಬೇಕಾಗಿರುವ ಮುಖ್ಯ ಮಾತು.

ಅದಕ್ಕೆ ಕಾರಣವಿದೆ. ಸೀಸ-ಆಮ್ಲ ಬ್ಯಾಟರಿಯ ಉಷ್ಣತೆ ಸರಾಸರಿ 10 ಡಿಗ್ರಿ ಹೆಚ್ಚಾದರೆ ಅದರ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕೆಲಸದವರು ಬಹುಕಾಲದಿಂದ ಬಳಸುತ್ತ ಬಂದ ಲೆಕ್ಕ. ವಿಜಯಪುರ, ಬಾಗಲಕೋಟೆಗಳಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ದಾಟುವುದು ವಿಶೇಷವಲ್ಲ. ಬಾನೆಟ್ಟಿನ ಒಳಗಿನ ಬಿಸಿ ಅದಕ್ಕಿಂತಲೂ ಬಹಳ ಮೇಲಿರುತ್ತದೆ. ಆ ಬಿಸಿಗೆ ಧನ ಫಲಕದೊಳಗಿನ ಸೀಸದ ಜಾಲರಿ ಸವೆಯುತ್ತದೆ, ದ್ರಾವಣದ ನೀರು ಆರುತ್ತದೆ. ಆದರೆ ಬೇಸಿಗೆಯಲ್ಲಿ ಎಂಜಿನ್ ಆಯಿಲ್ ತೆಳುವಾಗಿರುವುದರಿಂದಲೂ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಚುರುಕಾಗಿರುವುದರಿಂದಲೂ ಅರ್ಧ ಸತ್ತ ಬ್ಯಾಟರಿ ಕೂಡ ಎಂಜಿನ್ನನ್ನು ತಿರುಗಿಸಿಬಿಡುತ್ತದೆ. ಚಳಿಗಾಲ ಬಂದು, ವಿಜಯಪುರದಲ್ಲಿ ಕೆಲವು ವರ್ಷ ಆಗುವಂತೆ ಮುಂಜಾನೆಯ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿದಾಗ, ಆಯಿಲ್ ಮಂದವಾಗುತ್ತದೆ, ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ, ಬೇಸಿಗೆಯಲ್ಲಿ ಆದ ಹಾನಿ ಆಗ ಹೊರಬೀಳುತ್ತದೆ. ಆರೋಗ್ಯವಾಗಿರುವ ಬ್ಯಾಟರಿ 0 ಡಿಗ್ರಿಯಲ್ಲಿಯೂ ತನ್ನ ಸಾಮರ್ಥ್ಯದ ಸುಮಾರು 80 ಶೇಕಡಾ ಉಳಿಸಿಕೊಳ್ಳುತ್ತದೆ. ಹಾಗಿರುವಾಗ ಬೆಳಗಾವಿಯ 12 ಡಿಗ್ರಿ ಯಾವ ಒಳ್ಳೆಯ ಬ್ಯಾಟರಿಯನ್ನೂ ಕೊಲ್ಲಲಾರದು.

ಸ್ಟಾಪ್-ಸ್ಟಾರ್ಟ್ ಇದ್ದಲ್ಲಿ ಬ್ಯಾಟರಿಯ ದುಡಿಮೆ ಹೇಗೆ ಬದಲಾಗುತ್ತದೆ

ಹಳೆಯ ಕಾರುಗಳಲ್ಲಿ ಬ್ಯಾಟರಿಗೆ ಇದ್ದ ದೊಡ್ಡ ಕೆಲಸ ಒಂದೇ, ಸೆಲ್ಫ್ ಹೊಡೆದಾಗ ಒಂದು ಕ್ಷಣ ಭಾರೀ ಕರೆಂಟ್ ಕೊಡುವುದು. ಆಮೇಲೆ, ಎಂಜಿನ್ ಓಡುವಾಗ ವಿದ್ಯುತ್ ತಯಾರಿಸುವ ಆಲ್ಟರ್ನೇಟರ್ ಎಲ್ಲವನ್ನೂ ನೋಡಿಕೊಳ್ಳುತ್ತಿತ್ತು. ಸ್ಟಾಪ್-ಸ್ಟಾರ್ಟ್ ಕಾರಿನಲ್ಲಿ ಎಂಜಿನ್ ಆರಿದಷ್ಟು ಹೊತ್ತೂ ಹೆಡ್‌ಲೈಟ್, ಬ್ಲೋವರ್, ಪರದೆ, ಹಾಡು ಎಲ್ಲದರ ಭಾರ ಬ್ಯಾಟರಿಯ ಮೇಲೆ ಬೀಳುತ್ತದೆ. ಪದೇ ಪದೇ ಸೆಲ್ಫ್ ಹೊಡೆಯುವುದರಿಂದ ಬ್ಯಾಟರಿ ಬರಿದಾಗುತ್ತದೆ ಎಂದು ಬಹಳ ಜನ ಹೇಳುತ್ತಾರಾದರೂ ಲೆಕ್ಕ ಹಾಕಿ ನೋಡಿದರೆ ವಿಷಯ ಬೇರೆಯೇ ಇದೆ. 300 ಆಂಪಿಯರ್ ಕರೆಂಟನ್ನು ಒಂದು ಸೆಕೆಂಡ್ ಎಳೆದರೂ ಖರ್ಚಾಗುವುದು 0.1 ಆಂಪಿಯರ್-ಅವರ್‌ಗಿಂತ ಕಡಿಮೆ (ಒಂದು ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದಷ್ಟು ಚಾರ್ಜ್ ಒಂದು ಆಂಪಿಯರ್-ಅವರ್). ಅದೇ ಬೆಳಗಾವಿಯ ಟಿಳಕವಾಡಿಯ ರೈಲ್ವೆ ಗೇಟಿನಲ್ಲಿ ರಾತ್ರಿ ಹೊತ್ತು ನಾಲ್ಕು ನಿಮಿಷ ನಿಂತಿರಿ ಎನ್ನಿ. ಲೈಟು, ಬ್ಲೋವರ್ ಎಲ್ಲ ಸೇರಿ 30 ಆಂಪಿಯರ್ ಎಳೆದರೆ 2 ಆಂಪಿಯರ್-ಅವರ್ ಹೋಗುತ್ತದೆ, ಅಂದರೆ ಇಪ್ಪತ್ತಕ್ಕೂ ಹೆಚ್ಚು ಸ್ಟಾರ್ಟ್‌ಗಳಿಗೆ ಸಾಕಾಗುವಷ್ಟು. ಗೇಟು ಹಾಕಿದ್ದು ಕಂಡೊಡನೆ ಕೀಲಿ ತಿರುಗಿಸಿ ಪೂರ್ತಿ ಆರಿಸುವವರು ಬ್ಯಾಟರಿಗೆ ಮಾಡುವ ಉಪಕಾರ ಸಣ್ಣದಲ್ಲ.

ಇದಕ್ಕೆ ಇನ್ನೊಂದು ಸಂಗತಿ ಸೇರುತ್ತದೆ. ಇಂಥ ಅನೇಕ ಕಾರುಗಳಲ್ಲಿ ಆಲ್ಟರ್ನೇಟರ್ ಬ್ಯಾಟರಿಯನ್ನು ಬೇಕೆಂದೇ ಪೂರ್ತಿ ತುಂಬಿಸುವುದಿಲ್ಲ. ಬ್ರೇಕ್ ಹಾಕಿದಾಗ, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಪುಕ್ಕಟೆಯಾಗಿ ಸಿಗುವ ಚಾರ್ಜನ್ನು ತುಂಬಿಕೊಳ್ಳಲು ಜಾಗ ಇರಲೆಂದು ಸುಮಾರು 80 ಶೇಕಡಾ ಆಸುಪಾಸಿನಲ್ಲಿ ಇರಿಸುತ್ತದೆ. ಸಾಮಾನ್ಯ ಬ್ಯಾಟರಿಗೆ ಈ ಅರೆಹೊಟ್ಟೆಯ ಬದುಕು ಒಗ್ಗುವುದಿಲ್ಲ. ಆಮ್ಲ ತಳದಲ್ಲಿ ಗಟ್ಟಿಯಾಗಿ, ಮೇಲೆ ತೆಳುವಾಗಿ ಪದರಗಟ್ಟುತ್ತದೆ. ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಮತ್ತೆ ಕರಗದಂತಾಗುತ್ತದೆ. "ನಾನು ಆ ಬಟನ್ ಒತ್ತಿ ಸ್ಟಾಪ್-ಸ್ಟಾರ್ಟ್ ಆರಿಸೇ ಓಡಿಸುತ್ತೇನೆ, ನನಗೆ ಸಾದಾ ಬ್ಯಾಟರಿ ಸಾಕು" ಎಂಬ ವಾದ ಇಲ್ಲಿಯೇ ಬಿದ್ದುಹೋಗುತ್ತದೆ. ಬಟನ್ ಒತ್ತಿದರೆ ಎಂಜಿನ್ ಆರುವುದು ನಿಲ್ಲುತ್ತದೆಯೇ ಹೊರತು ಆಲ್ಟರ್ನೇಟರಿನ ಈ ಜಾಣತನ ನಿಲ್ಲುವುದಿಲ್ಲ.

ಮೂರು ಬಗೆಯ ಬ್ಯಾಟರಿಗಳು

ಸಾದಾ ಬ್ಯಾಟರಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೆಲೆ ಕಡಿಮೆ, ಎಲ್ಲ ಊರಲ್ಲೂ ಸಿಗುತ್ತದೆ, ಸ್ಟಾಪ್-ಸ್ಟಾರ್ಟ್ ಇಲ್ಲದ ಕಾರಿಗೆ ಅದೇ ಸರಿಯಾದದ್ದು. ಸ್ಟಾಪ್-ಸ್ಟಾರ್ಟ್ ಇರುವ ಕಾರಿಗೆ ಅದನ್ನು ಹಾಕಿದರೆ ಮೊದಲ ಕೆಲವು ತಿಂಗಳು ಏನೂ ತೊಂದರೆ ಕಾಣುವುದಿಲ್ಲವಾದ್ದರಿಂದಲೇ ಜನ ಮೋಸಹೋಗುತ್ತಾರೆ. ಉಳಿಸಿದ ಹಣ ಮುಂದಿನ ಬ್ಯಾಟರಿಗೆ ಮುಂಗಡವಾಗುತ್ತದೆ ಅಷ್ಟೆ.

ಎರಡನೆಯದು ಇಎಫ್‌ಬಿ (ಎನ್‌ಹ್ಯಾನ್ಸ್‌ಡ್ ಫ್ಲಡೆಡ್ ಬ್ಯಾಟರಿ), ಅಂದರೆ ಸಾದಾ ಬ್ಯಾಟರಿಯ ಸುಧಾರಿತ ರೂಪ. ಇದು ಕೂಡ ದ್ರಾವಣ ತುಂಬಿದ ಬ್ಯಾಟರಿಯೇ, ಆದರೆ ಧನ ಫಲಕದ ಮೇಲೆ ಪಾಲಿಯೆಸ್ಟರ್ ನೂಲಿನ ತೆಳು ಹೊದಿಕೆ ಇರುವುದರಿಂದ ಸಕ್ರಿಯ ಪದಾರ್ಥ ಉದುರುವುದಿಲ್ಲ. ಋಣ ಫಲಕಕ್ಕೆ ಇಂಗಾಲ ಬೆರೆಸಿರುವುದರಿಂದ ಬೇಗ ಚಾರ್ಜ್ ತೆಗೆದುಕೊಳ್ಳುತ್ತದೆ ಮತ್ತು ಅರೆ ಚಾರ್ಜಿನಲ್ಲಿ ಇರುವುದನ್ನು ಸಹಿಸುತ್ತದೆ. ತುಂಬುವ-ಬರಿದಾಗುವ ಸುತ್ತುಗಳ ಲೆಕ್ಕದಲ್ಲಿ ಸಾದಾ ಬ್ಯಾಟರಿಗಿಂತ ಸುಮಾರು ಎರಡು ಪಟ್ಟು ಬಾಳುತ್ತದೆ. ನಮ್ಮಲ್ಲಿ ಸ್ಟಾಪ್-ಸ್ಟಾರ್ಟ್ ಇರುವ ಸಣ್ಣ ಹಾಗೂ ಮಧ್ಯಮ ಗಾತ್ರದ ಕಾರುಗಳಲ್ಲಿ ಕಂಪನಿಯಿಂದಲೇ ಹೆಚ್ಚಾಗಿ ಬರುವುದು ಇದೇ.

ಮೂರನೆಯದಾದ ಎಜಿಎಂ (ಅಬ್ಸಾರ್ಬೆಂಟ್ ಗ್ಲಾಸ್ ಮ್ಯಾಟ್) ಬ್ಯಾಟರಿಯಲ್ಲಿ ಆಮ್ಲ ಸಡಿಲವಾಗಿ ತುಳುಕುವುದಿಲ್ಲ. ಫಲಕಗಳ ನಡುವೆ ಬಿಗಿಯಾಗಿ ಒತ್ತಿಟ್ಟ ಗಾಜಿನ ನಾರಿನ ಹಾಸು ಅದನ್ನು ಹೀರಿಕೊಂಡಿರುತ್ತದೆ. ಒಳ ಪ್ರತಿರೋಧ ಕಡಿಮೆ, ಕೊರೆಯುವ ಚಳಿಯಲ್ಲೂ ಕರೆಂಟ್ ಕೊಡುವ ಶಕ್ತಿ ಹೆಚ್ಚು, ಸಾದಾ ಬ್ಯಾಟರಿಗಿಂತ ಸುಮಾರು ಮೂರು ಪಟ್ಟು ಸುತ್ತುಗಳನ್ನು ತಾಳುತ್ತದೆ. ಕಾಗದದ ಮೇಲೆ ಎಲ್ಲದರಲ್ಲೂ ಇದೇ ಮೇಲು. ಹಾಗಾದರೆ ಹಣವಿದ್ದವರು ಇದನ್ನೇ ಹಾಕಿಸಬಾರದೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಬರುತ್ತದೆ.

ಬಾಗಲಕೋಟೆ, ವಿಜಯಪುರದವರು ಇಲ್ಲಿ ಸ್ವಲ್ಪ ತಡೆದು ಯೋಚಿಸಬೇಕು. ಎಜಿಎಂ ಮುಚ್ಚಿದ ಬ್ಯಾಟರಿ. ಅದರಲ್ಲಿರುವ ದ್ರಾವಣವೇ ಕಡಿಮೆ, ಬಿಸಿಗೆ ಒಮ್ಮೆ ಆರಿದ ನೀರನ್ನು ಮತ್ತೆ ತುಂಬಲು ದಾರಿಯಿಲ್ಲ. ಬಾನೆಟ್ಟಿನ ಒಳಗಿನ ಬಿಸಿಗೆ ಅದು ದ್ರಾವಣ ತುಂಬಿದ ಬ್ಯಾಟರಿಗಿಂತ ಬೇಗ ನಲುಗುತ್ತದೆ. ಜರ್ಮನಿಯ ಅನೇಕ ಕಾರುಗಳಲ್ಲಿ ಎಜಿಎಂ ಬ್ಯಾಟರಿ ಹಿಂದಿನ ಡಿಕ್ಕಿಯಲ್ಲೋ ಸೀಟಿನ ಕೆಳಗೋ ಇರುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಎಂಜಿನ್ ಪಕ್ಕದಲ್ಲಿ ಇಎಫ್‌ಬಿ ಕೂರಿಸಿ ಕಳಿಸಿದ ಕಾರಿಗೆ, ಮೇ ತಿಂಗಳಲ್ಲಿ ಇಂಡಿ, ಸಿಂದಗಿ, ಮುಧೋಳದ ಕಡೆ ಓಡಾಡುವವರು ಹೆಚ್ಚು ಹಣ ಕೊಟ್ಟು ಎಜಿಎಂ ಹಾಕಿಸುವುದರಿಂದ ಆಗುವ ಲಾಭ ನನ್ನ ಅಭಿಪ್ರಾಯದಲ್ಲಿ ಬಹಳ ಕಡಿಮೆ. ಬೆಳಗಾವಿ, ಖಾನಾಪುರ, ಕಣಕುಂಬಿಯ ಕಡೆಯವರಿಗೆ, ಅಲ್ಲಿನ ಬೇಸಿಗೆ ಮೃದುವಾದ್ದರಿಂದ, ಈ ಆಕ್ಷೇಪಣೆ ಅಷ್ಟು ತೀವ್ರವಾಗಿ ಅನ್ವಯಿಸುವುದಿಲ್ಲ.

ಹಾಗೆಂದು ಕಂಪನಿಯಿಂದ ಎಜಿಎಂ ಬಂದಿರುವ ಕಾರಿಗೆ ಹಣ ಉಳಿಸಲೆಂದು ಇಎಫ್‌ಬಿ ಹಾಕಿಸುವುದು ಸರಿಯಲ್ಲ. ಆ ಕಾರಿನ ಚಾರ್ಜಿಂಗ್ ವ್ಯವಸ್ಥೆ ಎಜಿಎಂ ಗುಣಕ್ಕೆ ಹೊಂದಿಸಿರುತ್ತದೆ. ಬ್ಯಾಟರಿ ಸೀಟಿನ ಕೆಳಗಿದ್ದರೆ ಆಮ್ಲದ ಆವಿಯ ಪ್ರಶ್ನೆಯೂ ಬರುತ್ತದೆ. ಹುಟ್ಟಿನಿಂದ ಬಂದ ಬಗೆಯನ್ನೇ ಹಾಕಿಸಬೇಕು, ಬೇಕಿದ್ದರೆ ಕಾರಿನ ಕೈಪಿಡಿ ಒಪ್ಪುವಲ್ಲಿ ಒಂದು ಮೆಟ್ಟಿಲು ಮೇಲೇರಬಹುದು, ಕೆಳಗೆ ಮಾತ್ರ ಇಳಿಯಬಾರದು.

ಮಾರುತಿ ಎರ್ಟಿಗಾದಂಥ ಕಾರುಗಳಲ್ಲಿ ಸೀಸ-ಆಮ್ಲದ ಜೊತೆಗೆ ಮುಂದಿನ ಸೀಟಿನ ಕೆಳಗೆ ಸಣ್ಣ ಲಿಥಿಯಂ ಬ್ಯಾಟರಿಯೂ ಇರುತ್ತದೆ. ಸಿಗ್ನಲ್‌ನಲ್ಲಿ ಮತ್ತೆ ಶುರುಮಾಡುವಾಗ ಬೆಲ್ಟಿಗೆ ಜೋಡಿಸಿದ ಜನರೇಟರೇ ಮೋಟಾರಿನಂತೆ ಎಂಜಿನ್ನನ್ನು ತಿರುಗಿಸುತ್ತದೆ. ಚಳಿಯ ಮುಂಜಾನೆಯ ಮೊದಲ ಸ್ಟಾರ್ಟ್ ಮಾತ್ರ ಬಾನೆಟ್ಟಿನೊಳಗಿನ ಬ್ಯಾಟರಿಯ ಪಾಲಿನದೇ. ಲಿಥಿಯಂ ಇದೆ ಎಂದು ಅದನ್ನು ಕಡೆಗಣಿಸುವಂತಿಲ್ಲ.

ಸಿಸಿಎ ಸಂಖ್ಯೆಗೆ ಎಷ್ಟು ಬೆಲೆ ಕೊಡಬೇಕು

ಬ್ಯಾಟರಿಯ ಮೇಲೆ ಸಿಸಿಎ (ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್) ಎಂದು ಒಂದು ಸಂಖ್ಯೆ ಇರುತ್ತದೆ. ಪೂರ್ತಿ ತುಂಬಿದ 12 ವೋಲ್ಟ್ ಬ್ಯಾಟರಿ ಶೂನ್ಯಕ್ಕಿಂತ 18 ಡಿಗ್ರಿ ಕೆಳಗೆ, 30 ಸೆಕೆಂಡ್ ಕಾಲ, 7.2 ವೋಲ್ಟ್‌ಗಿಂತ ಕೆಳಗಿಳಿಯದೆ ಎಷ್ಟು ಆಂಪಿಯರ್ ಕೊಡಬಲ್ಲದು ಎಂಬುದು ಅಮೆರಿಕದ ಮಾನದಂಡದ ಪ್ರಕಾರ ಅದರ ಅರ್ಥ. ಯುರೋಪಿನ ಮಾನದಂಡದಲ್ಲಿ ಸಮಯ ಮತ್ತು ವೋಲ್ಟೇಜ್ ಸ್ವಲ್ಪ ಬೇರೆ. ಹಾಗಾಗಿ ಎರಡು ಬ್ಯಾಟರಿಗಳನ್ನು ಹೋಲಿಸುವಾಗ ಮಾನದಂಡ ಒಂದೇ ಇದೆಯೇ ಎಂದು ನೋಡಬೇಕು. ನಮ್ಮ ಯಾವ ಊರೂ ಆ ಚಳಿಯ ಹತ್ತಿರಕ್ಕೂ ಹೋಗುವುದಿಲ್ಲವಾದ್ದರಿಂದ, ಕಂಪನಿ ಹೇಳಿದ ಸಂಖ್ಯೆಗಿಂತ ಐವತ್ತೋ ನೂರೋ ಹೆಚ್ಚು ಇರುವ ಬ್ಯಾಟರಿಗೆ ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿಲ್ಲ. ಡೀಸೆಲ್ ಎಂಜಿನ್‌ಗೆ ಒತ್ತಡದ ಅನುಪಾತ ಹೆಚ್ಚು, ಅಂದರೆ ಗಾಳಿಯನ್ನು ಹೆಚ್ಚು ಒತ್ತಬೇಕು; ಸ್ಟಾರ್ಟ್‌ಗೆ ಮುನ್ನ ಸಿಲಿಂಡರನ್ನು ಬೆಚ್ಚಗಾಗಿಸುವ ಗ್ಲೋ ಪ್ಲಗ್ ಕೂಡ ಕರೆಂಟ್ ಎಳೆಯುತ್ತದೆ. ಅಲ್ಲಿ ಕಂಪನಿ ಹೇಳಿದ ಸಂಖ್ಯೆಗಿಂತ ಕಡಿಮೆ ಆಗಲೇಬಾರದು. ಲೇಹ್, ಸ್ಪಿತಿಯ ಕಡೆ ಕಾರು ಒಯ್ಯುವವರಿಗೆ ಈ ಸಂಖ್ಯೆ ನಿಜವಾಗಿಯೂ ಮುಖ್ಯ: ಅಲ್ಲಿ ಪೂರ್ತಿ ಬರಿದಾದ ಬ್ಯಾಟರಿಯ ದ್ರಾವಣ ಹೆಪ್ಪುಗಟ್ಟಿ ಪೆಟ್ಟಿಗೆಯೇ ಸೀಳಬಹುದು.

ಆದರೂ ಸಿಸಿಎ ನಮಗೆ ಇನ್ನೊಂದು ರೀತಿಯಲ್ಲಿ ಉಪಯೋಗಕ್ಕೆ ಬರುತ್ತದೆ. ಅಂಗಡಿಯವರ ಕೈಯಲ್ಲಿರುವ ಟೆಸ್ಟರ್ ತೋರಿಸುವ ಸಿಸಿಎ, ಲೇಬಲ್ ಮೇಲಿನ ಸಂಖ್ಯೆಯ ಮೂರನೇ ಎರಡು ಭಾಗಕ್ಕೂ ಕೆಳಗಿಳಿದಿದ್ದರೆ ಆ ಬ್ಯಾಟರಿಯಿಂದ ಇನ್ನೊಂದು ಚಳಿಗಾಲವನ್ನು ನಿರೀಕ್ಷಿಸಬಾರದು.

ವ್ಯವಸ್ಥೆಯನ್ನು ಚಾಲೂ ಇಡಬೇಕೆ, ಆರಿಸಬೇಕೆ

ಸಣ್ಣ ಪೆಟ್ರೋಲ್ ಎಂಜಿನ್ ನಿಂತಲ್ಲೇ ಉರಿಯುತ್ತಿದ್ದರೆ ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರ್‌ವರೆಗೆ ಇಂಧನ ಸುಡುತ್ತದೆ. ಚೆನ್ನಮ್ಮ ವೃತ್ತ, ಗೋಗಟೆ ವೃತ್ತಗಳ ಸಿಗ್ನಲ್‌ಗಳಲ್ಲಿ ದಿನಕ್ಕೆ ಹತ್ತು ನಿಮಿಷ ನಿಲ್ಲುವವರು ತಿಂಗಳಿಗೆ ಎರಡು-ಮೂರು ಲೀಟರ್ ಉಳಿಸಬಹುದು. ಬಾಗಲಕೋಟೆಯ ನವನಗರದ ಅಗಲ ರಸ್ತೆಗಳಲ್ಲಿ ಓಡಾಡುವವರಿಗೆ ಅಷ್ಟು ಸಿಗುವುದಿಲ್ಲ. ಆದರೆ ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆಗಳ ದಾರಿಯಲ್ಲಿ ಟ್ರ್ಯಾಕ್ಟರ್ ಸಾಲಿನ ಹಿಂದೆ ಸಿಕ್ಕಿಕೊಂಡವರಿಗೆ ಅಲ್ಲಿಯೂ ಇದು ಉಪಯೋಗಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಎಸಿ ಜೋರಾಗಿದ್ದರೆ ಕಂಪ್ರೆಸರ್‌ಗಾಗಿ ಎಂಜಿನ್ ಉರಿಯುತ್ತಲೇ ಇರಬೇಕಾದ್ದರಿಂದ ವ್ಯವಸ್ಥೆ ತಾನಾಗಿ ಹಿಂದೆ ಸರಿಯುತ್ತದೆ.

ಚಳಿಗಾಲದಲ್ಲಿ ನನ್ನ ಸಲಹೆ ಹೀಗಿದೆ. ದಿನದ ಓಡಾಟ ಎರಡು-ಮೂರು ಕಿಲೋಮೀಟರಿನದಾಗಿದ್ದರೆ, ಮಕ್ಕಳನ್ನು ಶಾಲೆಗೆ ಬಿಟ್ಟು ಮನೆಗೆ ಮರಳುವಷ್ಟೇ ಇದ್ದರೆ, ಆ ಎರಡು ತಿಂಗಳು ಬಟನ್ ಒತ್ತಿ ಆರಿಸಿಡುವುದು ಒಳ್ಳೆಯದು. ತಣ್ಣಗಿರುವ ಬ್ಯಾಟರಿ ಚಾರ್ಜನ್ನು ನಿಧಾನವಾಗಿ ತೆಗೆದುಕೊಳ್ಳುತ್ತದೆ. ಮುಂಜಾನೆಯ ಮೊದಲ ಸ್ಟಾರ್ಟ್‌ನಲ್ಲಿ ಕಳೆದುಕೊಂಡದ್ದನ್ನು ತುಂಬಿಕೊಳ್ಳುವಷ್ಟು ಸಮಯ ಆ ಓಡಾಟದಲ್ಲಿ ಸಿಗುವುದಿಲ್ಲ. ಬೆಳಗಾವಿಯಿಂದ ನಿಪ್ಪಾಣಿಗೋ ಧಾರವಾಡಕ್ಕೋ ಹೆದ್ದಾರಿ ಹಿಡಿದು ಹೋಗುವವರು ಅದನ್ನು ಮುಟ್ಟಬೇಕಾಗಿಯೇ ಇಲ್ಲ. ಬಟನ್ ಬಳಿಯ ವೈರ್ ಕತ್ತರಿಸಿಯೋ ಹೊರಗಿನಿಂದ ತಂದ ಸಾಧನ ಜೋಡಿಸಿಯೋ ಶಾಶ್ವತವಾಗಿ ಆರಿಸುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ, ವಾರಂಟಿಯ ತಕರಾರು ಅಲ್ಲಿಂದಲೇ ಶುರುವಾಗುತ್ತದೆ.

ಇಲ್ಲಿ ಓದುಗರು ವಿಶೇಷವಾಗಿ ಗಮನಿಸಬೇಕಾದ ವಿಷಯವೊಂದಿದೆ. ಎಂಜಿನ್ ಬೆಚ್ಚಗಾಗಿ, ಎಸಿ ಆರಿಸಿ, ಸೀಟ್ ಬೆಲ್ಟ್ ಹಾಕಿ, ಬಾಗಿಲು-ಬಾನೆಟ್ ಮುಚ್ಚಿದ್ದರೂ ದಿನಗಟ್ಟಲೆ ಸ್ಟಾಪ್-ಸ್ಟಾರ್ಟ್ ಕೆಲಸ ಮಾಡದಿದ್ದರೆ, ಬಹಳಷ್ಟು ಸಲ ಅದು ಬ್ಯಾಟರಿ ಕೊಡುವ ಮೊದಲ ಸೂಚನೆ. ಋಣ ಟರ್ಮಿನಲ್‌ಗೆ ಅಂಟಿಕೊಂಡಿರುವ ಸಣ್ಣ ಸೆನ್ಸರ್ ಕರೆಂಟ್, ವೋಲ್ಟೇಜ್, ಉಷ್ಣತೆಗಳನ್ನು ಅಳೆಯುತ್ತಲೇ ಇರುತ್ತದೆ. ಮತ್ತೆ ಶುರುಮಾಡುವ ಭರವಸೆ ಅದಕ್ಕೆ ಇಲ್ಲದಿದ್ದರೆ ಎಂಜಿನ್ನನ್ನು ಆರಿಸಲು ಕಂಪ್ಯೂಟರ್ ಒಪ್ಪುವುದಿಲ್ಲ. "ಅದು ಬಂದ್ ಆಗಿದ್ದೇ ಚಲೋ ಆತು" ಎಂದು ಸುಮ್ಮನಾಗುವವರಿಗೆ ಕೆಲವು ವಾರಗಳ ನಂತರ ಸೆಲ್ಫ್ ಕೈಕೊಡುತ್ತದೆ.

ಕೊಳ್ಳುವಾಗ, ಕೂರಿಸುವಾಗ

ಬ್ಯಾಟರಿಯ ಮೇಲೆ ಅಚ್ಚಾದ ಅಳತೆಯ ಸಂಕೇತ ಹಳೆಯದಕ್ಕೂ ಹೊಸದಕ್ಕೂ ಒಂದೇ ಇರಬೇಕು. ಟರ್ಮಿನಲ್ ಎಡಕ್ಕೋ ಬಲಕ್ಕೋ, ದಪ್ಪವೋ ತೆಳುವೋ ಎಂಬುದೂ ಅದರಲ್ಲೇ ಅಡಗಿದೆ. ತಯಾರಾದ ತಿಂಗಳು ನೋಡಿ, ಆರು ತಿಂಗಳಿಗಿಂತ ಹಳೆಯದಾಗಿದ್ದರೆ ಬೇರೆಯದನ್ನು ಕೇಳಬೇಕು. ವಾರಂಟಿ ಕಾರ್ಡಿನಲ್ಲಿ ಎಷ್ಟು ತಿಂಗಳು ಪೂರ್ತಿ ಬದಲಿ, ಎಷ್ಟು ತಿಂಗಳು ಬೆಲೆಯಲ್ಲಿ ರಿಯಾಯಿತಿ ಮಾತ್ರ ಎಂಬುದನ್ನು ಬಿಡಿಸಿ ಓದಬೇಕು: 48 ತಿಂಗಳೆಂದು ದಪ್ಪ ಅಕ್ಷರದಲ್ಲಿ ಬರೆದದ್ದರಲ್ಲಿ ಅರ್ಧ ಮಾತ್ರ ಪೂರ್ತಿ ಬದಲಿಯ ಅವಧಿಯಾಗಿರಬಹುದು. ಟ್ಯಾಕ್ಸಿಯಾಗಿ ಓಡುವ ಕಾರಿಗೆ ಅವಧಿ ಹೆಚ್ಚಾಗಿ ಕಡಿಮೆಯೇ. ಹಳೆಯ ಬ್ಯಾಟರಿಯನ್ನು ಅಂಗಡಿಗೇ ಮರಳಿಸಿ ಅದರ ಬೆಲೆಯನ್ನು ಕಳೆಯಿಸಿಕೊಳ್ಳಬೇಕು; 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದ ಮೇಲೆ ಅದನ್ನು ಮರಳಿ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದೇ.

ಕೂರಿಸುವವರ ಕೈಚಳಕವೂ ಬ್ಯಾಟರಿಯಷ್ಟೇ ಮುಖ್ಯ. ಒಳ್ಳೆಯ ಮೆಕ್ಯಾನಿಕ್ ಮೊದಲು ಟರ್ಮಿನಲ್ ಮೇಲಿನ ಬಿಳಿ-ಹಸಿರು ಪುಡಿಯನ್ನು ಬಿಸಿನೀರು ಮತ್ತು ಅಡುಗೆ ಸೋಡಾದಿಂದ ತೊಳೆದು, ಬ್ರಷ್ಷಿನಿಂದ ಉಜ್ಜಿ, ಸೆನ್ಸರನ್ನು ತಿರುಚದೆ ಮೆಲ್ಲಗೆ ಎತ್ತಿ ಪಕ್ಕಕ್ಕಿಡುತ್ತಾರೆ. ಹೊಸದನ್ನು ಕೂರಿಸಿ, ಅಲುಗದಂತೆ ಪಟ್ಟಿ ಬಿಗಿದು, ಕೊನೆಗೆ ವ್ಯಾಸಲೀನ್ ಸವರುತ್ತಾರೆ. ಕೆಲವು ಕಾರುಗಳಿಗೆ, ಮುಖ್ಯವಾಗಿ ಜರ್ಮನಿಯವಕ್ಕೆ, ಹೊಸ ಬ್ಯಾಟರಿ ಬಂದಿದೆ ಎಂದು ಸ್ಕ್ಯಾನರ್ ಮೂಲಕ ಕಂಪ್ಯೂಟರಿಗೆ ತಿಳಿಸಬೇಕು. ಇಲ್ಲವಾದರೆ ಅದು ಹಳೆಯದಕ್ಕೆ ಕೊಡುತ್ತಿದ್ದ ಚಾರ್ಜನ್ನೇ ಹೊಸದಕ್ಕೂ ಕೊಡುತ್ತ ಹೋಗುತ್ತದೆ. ಈ ಸೌಲಭ್ಯ ಅಂಗಡಿಯಲ್ಲಿ ಇಲ್ಲದಿದ್ದರೆ ಹಣ ಹೆಚ್ಚಾದರೂ ಅಧಿಕೃತ ಸರ್ವಿಸ್ ಕೇಂದ್ರವೇ ಸರಿ. ಉಳಿದ ಕಾರುಗಳಿಗೆ ನಂಬಿಕೆಯ ಅಂಗಡಿ ಸಾಕು. ಜಂಪ್ ಕೊಡುವಾಗಲಾಗಲಿ ಮನೆಯಲ್ಲಿ ಚಾರ್ಜರ್ ಹಚ್ಚುವಾಗಲಾಗಲಿ ಕಪ್ಪು ಕ್ಲಿಪ್ಪನ್ನು ಋಣ ಟರ್ಮಿನಲ್‌ಗೆ ಹಾಕದೆ ಎಂಜಿನ್ ಅಥವಾ ಬಾಡಿಯ ಲೋಹಕ್ಕೆ ಹಾಕಬೇಕು, ಆಗ ಮಾತ್ರ ಸೆನ್ಸರಿಗೆ ಆ ಚಾರ್ಜಿನ ಲೆಕ್ಕ ಸಿಗುತ್ತದೆ.

ವಾರಕ್ಕೊಮ್ಮೆ ಮಾತ್ರ ಹೊರಬರುವ ಕಾರುಗಳ ವಿಷಯ ಬೇರೆ. ನಿಂತಲ್ಲೇ 50 ಮಿಲಿಆಂಪಿಯರ್ ಎಳೆಯುವ ಕಾರು ದಿನಕ್ಕೆ 1.2 ಆಂಪಿಯರ್-ಅವರ್ ತಿನ್ನುತ್ತದೆ. ಮೂರು ವಾರ ಊರಲ್ಲಿಲ್ಲದೆ ಬಂದರೆ 45 ಆಂಪಿಯರ್-ಅವರ್ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು ಹೋಗಿರುತ್ತದೆ. ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್ ಹಾಕಿಸಿದ್ದರೆ ಇನ್ನೂ ಬೇಗ. ಇಂಥವರು ಎಜಿಎಂಗೆ ಕೊಡುವ ಹೆಚ್ಚಿನ ಹಣದಲ್ಲಿ ಒಂದು ಒಳ್ಳೆಯ ಸ್ಮಾರ್ಟ್ ಚಾರ್ಜರ್ ಕೊಂಡರೆ ಹೆಚ್ಚು ಪ್ರಯೋಜನ.

ಪರೀಕ್ಷೆ ಮಾಡಿಸಲು ಮಳೆಗಾಲ ಮುಗಿದು ದೀಪಾವಳಿಗೆ ಮುಂಚಿನ ದಿನಗಳು ಪ್ರಶಸ್ತ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ತೋರಿಸಿದರೆ ಪೂರ್ತಿ ತುಂಬಿದೆ ಎಂದರ್ಥ, 12.4ರ ಸುತ್ತ ಇದ್ದರೆ ಸುಮಾರು ಮುಕ್ಕಾಲು, 12.2 ಅಂದರೆ ಅರ್ಧ. ಎಜಿಎಂ ಆದರೆ ಪೂರ್ತಿ ಎಂಬುದಕ್ಕೆ 12.8ರ ಆಸುಪಾಸು ಇರಬೇಕು. ಚಾರ್ಜ್ ಚೆನ್ನಾಗಿದ್ದೂ ಸೆಲ್ಫ್ ಹೊಡೆಯುವಾಗ ವೋಲ್ಟ್‌ಮೀಟರಿನ ಮುಳ್ಳು 9.6ಕ್ಕಿಂತ ಕೆಳಗೆ ಜಾರಿದರೆ ಬದಲಿಸುವ ಕಾಲ ಬಂದಿದೆ. ಅಕ್ಟೋಬರಿನಲ್ಲಿ ಗೊತ್ತಾದರೆ ನಿಮ್ಮ ಅಳತೆಯ ಇಎಫ್‌ಬಿ ಅಥವಾ ಎಜಿಎಂ ಸ್ಥಳೀಯ ಅಂಗಡಿಯಲ್ಲಿ ಇಲ್ಲದಿದ್ದರೂ ಹುಬ್ಬಳ್ಳಿಯಿಂದಲೋ ಕೊಲ್ಹಾಪುರದಿಂದಲೋ ತರಿಸಿಕೊಳ್ಳಲು ವ್ಯವಧಾನ ಇರುತ್ತದೆ.